ಕ್ಲೆಮೆಂಟಿನಾಬಾಯಿಯ ಕೊಕ್ಕೆ

ಸೀಬ್, ಒಮಾನ್
ಶುಕ್ರವಾರ, 3 ನವೆಂಬರ್ 1989

ಪ್ರೀತಿಯ ಅಮ್ಮಾ,

ಬೆಸಾಂವ್ ಕೊಡು, ಆಶೀರ್ವಾದ ಮಾಡು. ಮೊದಲು ನಿನ್ನ ಮೊಣಕಾಲಿನ ಸಮಾಚಾರ ಹೇಳು. ಆಗಸ್ಟಿನಲ್ಲಿ ಊರಿಗೆ ಹೊರಟವರ ಕೈಯಲ್ಲಿ ಕಳಿಸಿದ ಮುಲಾಮನ್ನು ಹಚ್ಚುತ್ತಿದ್ದೀಯೋ, ಇಲ್ಲಾ ಫಾರಿನ್ನಿನದು ಬೇಗ ಮುಗಿದುಹೋದೀತು ಎಂದು ಸಂತ ಅಂತೋನಿಯವರ ಫೋಟೋದ ಹಿಂದೆ ಬಚ್ಚಿಟ್ಟಿದ್ದೀಯೋ? ನನಗೆ ನಿನ್ನ ಗುಣ ಗೊತ್ತಿಲ್ಲವೇ. ಹಚ್ಚು, ಮುಗಿದರೆ ಇನ್ನೊಂದು ಬರುತ್ತದೆ. ನಾವಿಬ್ಬರೂ ಆರಾಮಾಗಿದ್ದೇವೆ. ಸೆಕೆ ಇಳಿದಿದೆ, ಬೆಳಿಗ್ಗೆ ಫ್ಯಾನ್ ಹಾಕದೆ ಕೂರಬಹುದು. ನಿನ್ನ ಸೊಸೆ ಲೂರ್ಡ್ಸ್‌ಗೆ ಆಸ್ಪತ್ರೆಯಲ್ಲಿ ಈ ತಿಂಗಳು ಬೆಳಗಿನ ಡ್ಯೂಟಿ, ಹಾಗಾಗಿ ಮನೆಯಲ್ಲಿ ಮೀನುಸಾರಿನ ವಾಸನೆ ಮತ್ತೆ ಬರತೊಡಗಿದೆ. ಪ್ರತಿ ಸಲ ಕೊಂಕಣಿಯಲ್ಲಿ ಬರೆಯುವ ಮಗ ಈ ಸಲ ಕನ್ನಡದಲ್ಲಿ ಯಾಕೆ ಬರೆದ ಎಂದು ನೀನು ಹುಬ್ಬು ಗಂಟಿಕ್ಕಿರಬಹುದು. ಕಾರಣ ಇದೆ. ಐಡಾ ಇದನ್ನು ನಿನಗೆ ಓದಿ ಹೇಳಿದ ಮೇಲೆ ವಿಕ್ಟರ್ ಮಾಸ್ತರರಿಗೂ ಓದಲು ಕೊಡಬೇಕು. ಅವರು ಮೈಸೂರು ಕಡೆಯವರು, ನಮ್ಮ ಕೊಂಕಣಿ ಅವರಿಗೆ ಬಾಯಿಗೂ ಬಾರದು, ಕಣ್ಣಿಗೂ ಹತ್ತದು. ಐಡಾ, ನನ್ನ ತಂಗಿಯೇ, ಟೀಚರಮ್ಮನ ಹಾಗೆ ಗಡಗಡ ಓದಬೇಡ. ನಿಧಾನ ಓದು. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಓದು.

ಅಮ್ಮಾ, ಸೆಪ್ಟೆಂಬರ್ ಕೊನೆಗೆ ನೀನು ಕಳಿಸಿದ ಕ್ಯಾಸೆಟ್ ಸಿಕ್ಕಿತು. ಕೋಳಿಗಳ ವಿಷಯ ಹೇಳಿದ್ದೆ, ಬಾವಿಯ ಹಗ್ಗದ ವಿಷಯ ಹೇಳಿದ್ದೆ, ಇಗರ್ಜಿಯ ಶತಮಾನೋತ್ಸವಕ್ಕೆ ಗೋಡೆಗೆ ಹೊಡೆದ ಹಳದಿ ಬಣ್ಣ ನಿನಗೆ ಹಿಡಿಸಲಿಲ್ಲ ಎಂದೂ ಹೇಳಿದ್ದೆ. ಆಮೇಲೆ “ಆಯ್ತು ಮಗಾ, ಇಡ್ತೇನೆ” ಎಂದು ಬಟನ್ ಒತ್ತಿಬಿಟ್ಟೆ. ನಾನು ಕಾದೆ. ಆರು ವರ್ಷದಲ್ಲಿ ನೀನು ಕಳಿಸಿದ ಒಂದೇ ಒಂದು ಕ್ಯಾಸೆಟ್ ಹಾಡಿಲ್ಲದೆ ಮುಗಿದದ್ದಿಲ್ಲ. ಮಾತೆಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಇಗರ್ಜಿಯ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಹಾಡುವ ಆ ಕಂತಾರನ್ನು ಪೂರ್ತಿ ಹಾಡಿಯೇ ನೀನು ಮಷೀನ್ ನಿಲ್ಲಿಸುವವಳು. ಈ ಸಲ ಬರೀ ಟೇಪು ಸುತ್ತುವ ಸದ್ದು. ಮಗುಚಿ ಹಾಕಿದೆ, ಆ ಕಡೆಯೂ ಖಾಲಿ. ಲೂರ್ಡ್ಸ್ ಅಡುಗೆಮನೆಯಿಂದ ಬಂದು “ಎಂತ ಮಾರಾಯ್ರೆ, ಖಾಲಿ ಕ್ಯಾಸೆಟ್ ಕೇಳ್ತಾ ಕೂತಿದ್ದೀರಿ?” ಎಂದು ಕೇಳಿದಳು. ನನಗೆ ಅಳು ಬಂತು ಎಂದರೆ ನಂಬು. ನಿನಗೆ ಹುಷಾರಿಲ್ಲ, ನನ್ನಿಂದ ಮುಚ್ಚಿಡುತ್ತಿದ್ದೀರಿ ಎಂದುಕೊಂಡು ಐಡಾಗೆ ಬೈದು ಪತ್ರ ಬರೆದೆ. ನಡೆದದ್ದನ್ನೆಲ್ಲ ಅವಳು ನಿನಗೆ ಹೇಳದೆ ಬರೆದು ಕಳಿಸಿದಳು. ಅವಳ ಮೇಲೆ ಸಿಟ್ಟು ಮಾಡಬೇಡ.

ಸೆಪ್ಟೆಂಬರಿನ ಮೊಂತಿ ಫೆಸ್ತ್ ಹಬ್ಬದ ನಂತರದ ರಿಹರ್ಸಲಿನಲ್ಲಿ ನಡೆದದ್ದು ನನಗೆ ಈಗ ಗೊತ್ತು. ಶತಮಾನೋತ್ಸವಕ್ಕೆ ಹಾಡು ಕಲಿಸಲೆಂದು ಹೊಸದಾಗಿ ಬಂದ ವಿಕ್ಟರ್ ಮಾಸ್ತರರು ಹಾಡನ್ನು ಅರ್ಧದಲ್ಲಿ ನಿಲ್ಲಿಸಿ, ಪುಸ್ತಕವನ್ನು ಎತ್ತಿ ಹಿಡಿದು, ಇಪ್ಪತ್ತು ಜನರ ಎದುರು “ನೀವು ಐವತ್ತು ವರ್ಷದಿಂದ ತಪ್ಪು ಹಾಡ್ಕೊಂಡು ಬಂದಿದೀರಮ್ಮ, ಈ ತಿರುವು ಪುಸ್ತಕದಲ್ಲೇ ಇಲ್ಲ” ಎಂದರಂತೆ. ಎರಡನೇ ಸಾಲಿನ ಕೊನೆಯಲ್ಲಿ ನೀನು ಸ್ವರವನ್ನು ಮೇಲಕ್ಕೆ ಏರಿಸಿ, ಅಲ್ಲೇ ಸ್ವಲ್ಪ ನಿಲ್ಲಿಸಿ, ಮೂರು ಮೆಟ್ಟಿಲು ಇಳಿದು ಮತ್ತೆ ಮೇಲಕ್ಕೆ ಸೆಳೆಯುತ್ತೀಯಲ್ಲ, ಇಡೀ ಊರು ಪ್ರೀತಿಯಿಂದ ‘ಕ್ಲೆಮೆಂಟಿನಾಬಾಯಿಯ ಕೊಕ್ಕೆ’ ಎಂದು ಕರೆಯುವುದು, ಅದೇ ತಪ್ಪು. ಡಿಸೆಂಬರ್ ಎಂಟರ ಶತಮಾನೋತ್ಸವದ ಪೂಜೆಯನ್ನು ಉಡುಪಿಯ ವೀಡಿಯೋದವರು ರೆಕಾರ್ಡ್ ಮಾಡುತ್ತಾರೆ, ರೆಕಾರ್ಡ್ ಆದ ತಪ್ಪು ಶಾಶ್ವತವಾಗಿ ಉಳಿಯುತ್ತದೆ, ಆದ್ದರಿಂದ ನೀವು ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿ ಎಂದರಂತೆ. ನೀನು “ನಂಗೆ ಪುಸ್ತಕ ಗೊತ್ತಿಲ್ಲ, ಇಟಲಿಯ ಪಾದ್ರಿ ಹೇಳಿಕೊಟ್ಟದ್ದು ಗೊತ್ತುಂಟು” ಎಂದಷ್ಟೇ ಹೇಳಿ ಮನೆಗೆ ಬಂದೆಯಂತೆ. ಅಂದಿನಿಂದ ಅಡುಗೆಮನೆಯಲ್ಲೂ ಹಾಡಿಲ್ಲವಂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮೂರಿಗೆ ಹೊಸದಲ್ಲ. ಆದರೆ ಐವತ್ತೊಂದು ವರ್ಷ ಹಾಡಿದವಳನ್ನು ಸಾಲಿನಿಂದ ಇಳಿಸಿದ್ದಕ್ಕಿಂತ ನನಗೆ ನೋವಾದದ್ದು ಬೇರೆಯೇ. ಒಂದು ವೇಳೆ ನಾನು ಇಷ್ಟು ವರ್ಷ ತಪ್ಪನ್ನೇ ಹಾಡಿದೆನೋ ಎಂದು ನಿನಗೇ ಅನುಮಾನ ಬಂದಿದೆ ಎಂದು ಐಡಾ ಬರೆದಿದ್ದಾಳೆ. ಅಮ್ಮಾ, ಆ ಅನುಮಾನವನ್ನು ಕೊಂದು ಹೂಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ನೀನು ಗೆದ್ದಿದ್ದೀ. ಹೇಗೆ ಗೆದ್ದೆ ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ, ಅವಸರ ಮಾಡಬೇಡ.

ನನ್ನ ಕೆಲಸ ಎಂಥದ್ದೆಂದು ನೀನು ನೆರೆಯವರಿಗೆ ‘ಏರ್‌ಪೋರ್ಟಿನಲ್ಲಿ ದೊಡ್ಡ ಆಫೀಸರ್’ ಎಂದು ಹೇಳುತ್ತೀ. ನಿಜ ಹೇಳಿದರೆ ನಾನು ಸಾಮಾನು ಬಿಡಿಸಿಕೊಡುವ ಏಜೆನ್ಸಿಯ ಗುಮಾಸ್ತ. ಹೊರದೇಶದಿಂದ ಬರುವ ವೀಡಿಯೋ ಕ್ಯಾಸೆಟ್‌ಗಳನ್ನು ಇಲ್ಲಿ ಹಾಗೆಯೇ ಒಳಗೆ ಬಿಡುವುದಿಲ್ಲ, ಒಂದು ಕೋಣೆಯಲ್ಲಿ ಟಿವಿಗೆ ಹಾಕಿ ನೋಡುತ್ತಾರೆ. ನೋಡುವ ಸಾಹೇಬರಿಗೆ ಅನುಕೂಲವಾಗಲೆಂದು ನಮ್ಮ ಏಜೆನ್ಸಿ ಪ್ರತಿ ಕ್ಯಾಸೆಟ್‌ನ ಕಥೆಯನ್ನು ಒಂದು ಪುಟದ ಫಾರಮಿನಲ್ಲಿ ಬರೆದುಕೊಡಬೇಕು. ಬರೆಯುವವನು ನಾನು. ಸಾಹೇಬರ ಹೆಸರು ಇಸ್ಮಾಯಿಲ್. ಒಮಾನಿಯೇ ಆದರೂ ಹುಟ್ಟಿ ಬೆಳೆದದ್ದು ಝಾಂಜಿಬಾರಿನಲ್ಲಿ. ಸಂಗೀತವೆಂದರೆ ಪ್ರಾಣ, ಕೆಲಸದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ನನ್ನೊಡನೆ ಉರ್ದುವಿನಲ್ಲಿ ಮಾತಾಡುತ್ತಾರೆ, ನನ್ನ ಉರ್ದು ಕೇಳಿ ನಗುತ್ತಾರೆ.

ಕಳೆದ ತಿಂಗಳು ಮಸ್ಕತ್ತಿನ ಒಂದು ಹೋಟೆಲಿನವರಿಗೆ ಇಂಗ್ಲೆಂಡಿನಿಂದ ಏಳು ಕ್ಯಾಸೆಟ್ ಬಂದವು. ದೊಡ್ಡ ದೊಡ್ಡ ನಾಟಕಶಾಲೆಗಳಲ್ಲಿ ನಡೆದ ಹಾಡಿನ ನಾಟಕ, ಕುಣಿತದ ನಾಟಕಗಳನ್ನು ನಾಲ್ಕೈದು ಕ್ಯಾಮರಾ ಇಟ್ಟು ತೆಗೆದದ್ದು. ಒಪೆರಾ, ಬ್ಯಾಲೆ ಎನ್ನುತ್ತಾರೆ. ಪ್ರತಿ ಗುರುವಾರ ಸಂಜೆ ಹೋಟೆಲಿನ ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ತರಿಸಿದ್ದರು. ನಾನು ಹಿಂದಿ ಸಿನಿಮಾದ ಕಥೆ ಬರೆಯುವುದರಲ್ಲಿ ಪಳಗಿದವನು, ಇಂಟರ್‌ವಲ್‌ವರೆಗೆ ನೋಡಿದರೆ ಸಾಕು. ಇದು ಬೇರೆಯೇ ಪೇಚಾಟ. ಮೊದಲನೆಯದು ಬ್ಯಾಲೆ. ಒಂದೂಮುಕ್ಕಾಲು ಗಂಟೆ ಒಬ್ಬರೂ ಬಾಯಿ ಬಿಡಲಿಲ್ಲ. ಕಥೆ ಎಲ್ಲಿಂದ ತರಲಿ? ಕೊನೆಗೆ ‘ಹುಡುಗಿ ಕುಣಿಯುತ್ತಾಳೆ, ಬೇಸರದಿಂದ ಸಾಯುತ್ತಾಳೆ, ಸತ್ತ ಮೇಲೆ ಇನ್ನೂ ಚೆನ್ನಾಗಿ ಕುಣಿಯುತ್ತಾಳೆ’ ಎಂದು ಬರೆದೆ. ಇಸ್ಮಾಯಿಲ್ ಸಾಹೇಬರಿಗೆ ಹುಡುಗಿಯ ಚಿಂತೆ ಇರಲಿಲ್ಲ. ಬಿಗಿ ಚಡ್ಡಿಯ ರಾಜಕುಮಾರ ಹಾರಿದಾಗಲೆಲ್ಲ ಕಣ್ಣು ಮುಚ್ಚಿಕೊಂಡು “ಇಸ್ಕಾ ಲುಂಗಿ ಕಿಧರ್ ಗಯಾ, ಯಾ ಆಂಡ್ರ್ಯೂ?” ಎಂದು, ಇವನ ಲುಂಗಿ ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ನಗಬೇಡ ಅಮ್ಮಾ, ಮೂರು ದಿನ ಹೀಗೇ ಹೋಯಿತು. ಆದರೆ ನೋಡುತ್ತ ನೋಡುತ್ತ ನನಗೆ ಅದು ಹಿಡಿಸಿತು. ಹಾಡುವವರ ಮುಖವನ್ನು ಕ್ಯಾಮರಾ ಎಷ್ಟು ಹತ್ತಿರದಿಂದ ತೋರಿಸುತ್ತದೆ ಎಂದರೆ ಕತ್ತಿನ ನರ ಕಾಣುತ್ತದೆ, ಹಣೆಯ ಬೆವರಿನಲ್ಲಿ ಪೌಡರು ಕರಗುವುದು ಕಾಣುತ್ತದೆ. ಅಷ್ಟು ದೊಡ್ಡ ಗಾಯಕರೂ ನಿನ್ನ ಹಾಗೆಯೇ ಮೇಲಿನ ಸ್ವರಕ್ಕೆ ಹೋಗುವಾಗ ಹುಬ್ಬು ಮೇಲೆತ್ತುತ್ತಾರೆ.

ನಾಲ್ಕನೆಯ ಕ್ಯಾಸೆಟ್ ಇಟಲಿಯದು. ಅದರ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಹಾಡು ಹೆಚ್ಚು, ನಡುವೆ ಮಾತು, ಸ್ವಲ್ಪ ಹಾಸ್ಯ. ಅಂಥದ್ದಕ್ಕೆ ಒಪೆರೆಟ್ಟಾ ಎನ್ನುತ್ತಾರಂತೆ. ಬೆಳಿಗ್ಗೆ ಹತ್ತು ಗಂಟೆ ಇರಬಹುದು. ನಾನು ಚಹಾ ಕುಡಿಯುತ್ತ ಫಾರಮಿನಲ್ಲಿ ತಾರೀಕು ಬರೆಯುತ್ತಿದ್ದೆ, ಪರದೆಯ ಕಡೆ ಅರ್ಧ ಕಣ್ಣು. ಉದ್ದನೆಯ ಮೇಜು, ಅದರ ಮೇಲೆ ಉರಿಯುವ ಮೇಣದ ಬತ್ತಿಗಳು. ತಲೆಗೆ ಕಪ್ಪು ಜಾಲರಿ ಹೊದ್ದ ಒಬ್ಬ ಹೆಂಗಸು, ನಮ್ಮ ಇಗರ್ಜಿಯ ಮುಂದಿನ ಸಾಲಿನ ವಿಧವೆಯರ ಹಾಗೆಯೇ, ಎರಡೂ ಕೈಯಲ್ಲಿ ಒಂದು ಪಾತ್ರೆಯನ್ನು ಮೇಲಕ್ಕೆತ್ತಿದಳು. ಗಂಡಸರು ಸಾಲಾಗಿ ಅವಳೆದುರು ನಿಂತರು. ಅವಳು ಬಾಯಿ ತೆರೆದಳು. ಅಮ್ಮಾ, ನಿನ್ನ ಹಾಡು! ಮಾತು ಬೇರೆ, ರಾಗ ಒಂದು ಎಳೆಯೂ ಆಚೀಚೆ ಇಲ್ಲ. ಪರಮಪ್ರಸಾದದ ಹೊತ್ತಿನ ನಮ್ಮ ಕಂತಾರು. ನನ್ನ ಬುದ್ಧಿ ಏನನ್ನಾದರೂ ಯೋಚಿಸುವ ಮೊದಲೇ ಕೈ ಹಣೆಗೆ ಹೋಗಿ ಶಿಲುಬೆಯ ಗುರುತು ಮಾಡಿತು, ಮೊಣಕಾಲು ನೆಲಕ್ಕೆ ಹತ್ತಿತು. ಚಿಕ್ಕಂದಿನಿಂದ ಆ ರಾಗಕ್ಕೆ ಮೊಣಕಾಲೂರಿದ ಅಭ್ಯಾಸ ಬಿಡುತ್ತದೆಯೇ? ಇಸ್ಮಾಯಿಲ್ ಸಾಹೇಬರು ನಾನು ತಲೆ ಸುತ್ತಿ ಬಿದ್ದೆನೆಂದು ತಿಳಿದು ಖರ್ಜೂರದ ತಟ್ಟೆ ಹಿಡಿದುಕೊಂಡು ಓಡಿಬಂದರು. ನಾನು ನೆಲದ ಮೇಲಿಂದಲೇ ಕೇಳುತ್ತಿದ್ದೆ. ಎರಡನೇ ಸಾಲಿನ ಕೊನೆ ಬಂತು. ಅವಳು ಮೇಲಕ್ಕೆ ಏರಿದಳು, ನಿಂತಳು, ಮೂರು ಮೆಟ್ಟಿಲು ಇಳಿದಳು, ಮತ್ತೆ ಸೆಳೆದಳು. ಕೊಕ್ಕೆ! ವಿಕ್ಟರ್ ಮಾಸ್ತರರ ಪುಸ್ತಕದಲ್ಲಿ ಇಲ್ಲದ ಕೊಕ್ಕೆ ಇಟಲಿಯ ನಾಟಕಶಾಲೆಯಲ್ಲಿ ಇತ್ತು!

ಆಮೇಲೆ ನಾನು ಮಾಡಿದ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಸಂತೋಷದಲ್ಲಿ ಮುಂದಿನದನ್ನು ಸರಿಯಾಗಿ ನೋಡಲೇ ಇಲ್ಲ. ಫಾರಮಿನಲ್ಲಿ ‘ಕ್ರೈಸ್ತರ ಬಲಿಪೂಜೆಯ ದೃಶ್ಯ, ಭಕ್ತೆಯೊಬ್ಬಳು ಪರಮಪ್ರಸಾದವನ್ನು ಸ್ತುತಿಸುತ್ತಾಳೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿಬಿಟ್ಟೆ. ಬೇರೆ ಧರ್ಮದ ಪೂಜೆ ಇರುವ ಕ್ಯಾಸೆಟ್ ಆದರೆ ಅದು ಬೇರೆ ಆಫೀಸಿಗೆ ಹೋಗಬೇಕು, ಅಲ್ಲಿಂದ ಬರಲು ಎರಡು ತಿಂಗಳು. ಹೋಟೆಲಿನವರು ಗುರುವಾರಕ್ಕೆಂದು ಆಗಲೇ ಬೋರ್ಡು ಹಾಕಿಯಾಗಿತ್ತು. ನನ್ನ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಯಜಮಾನನಿಗೆ, ಸುದ್ದಿ ಮುಟ್ಟಿ ಫೋನಿನಲ್ಲಿ ಅವನು ಕಿರುಚಿದ್ದು ಪಕ್ಕದ ಊರು ರುಸೈಲಿನವರೆಗೂ ಕೇಳಿಸಿರಬೇಕು. ಇಸ್ಮಾಯಿಲ್ ಸಾಹೇಬರು ನನ್ನನ್ನು ಟಿವಿಯೆದುರು ಕೂರಿಸಿ ಅದೇ ದೃಶ್ಯವನ್ನು ಮತ್ತೆ ಹಾಕಿದರು. ಈ ಸಲ ಪೂರ್ತಿ ನೋಡಿದೆ. ಹಾಡು ಮುಗಿಯುತ್ತಲೇ ಗಂಡಸರೆಲ್ಲ ಹೋ ಎಂದು ಕೂಗಿ ಪಾತ್ರೆಗಳನ್ನು ಒಂದಕ್ಕೊಂದು ತಾಗಿಸಿ ಗಟಗಟ ಕುಡಿದರು. ಒಬ್ಬನು ಮೇಜಿನ ಮೇಲೆ ಹತ್ತಿ ಕುಣಿದನು. “ನಮಾಜ್ ಹೈ ಯಾ ಪಾರ್ಟಿ ಹೈ? ಏಕ್ ಬೋಲೋ, ಖಲಾಸ್!” ಎಂದರು ಸಾಹೇಬರು. ಪ್ರಾರ್ಥನೆಯೋ ಪಾರ್ಟಿಯೋ ಒಂದನ್ನು ಹೇಳಿ ಮುಗಿಸು ಎಂದು. ನಾನು ಏನು ಹೇಳಲಿ? ನಮ್ಮೂರಲ್ಲಿ ಅದು ಪ್ರಾರ್ಥನೆ, ಪರದೆಯ ಮೇಲೆ ಪಾರ್ಟಿ.

ಐಡಾ, ಇಲ್ಲಿ ಸ್ವಲ್ಪ ನಿಲ್ಲಿಸಿ ಅಮ್ಮನಿಗೆ ನೀರು ಕೊಡು. ಹೌದು ಅಮ್ಮಾ. ಕ್ಯಾಸೆಟ್ಟಿನ ಡಬ್ಬಿಯ ಮೇಲಿದ್ದ ಇಂಗ್ಲಿಷನ್ನು ಅಕ್ಷರ ಅಕ್ಷರ ಓದಿ ಆಮೇಲೆ ಸರಿಯಾದ ಕಥೆ ಬರೆದೆ. ಅವಳು ಒಂದು ಛತ್ರ ನಡೆಸುವ ವಿಧವೆ. ಯುದ್ಧ ಮುಗಿಸಿ ಜೀವಂತ ಮರಳಿದ ಊರಿನ ಸೈನಿಕರಿಗೆ ಹೊಸ ದ್ರಾಕ್ಷಾರಸ ಬಡಿಸುತ್ತ ಅವಳು ಹಾಡುವ ಹಾಡು ಅದು. ನಾವು ಅರ್ಧ ಶತಮಾನ ಕಣ್ಣು ಮುಚ್ಚಿ, ಕೈ ಜೋಡಿಸಿ ಹಾಡಿದ್ದು ಕುಡಿಯುವವರ ಹಾಡು. ನನಗೂ ಒಂದು ದಿನ ಊಟ ಸೇರಲಿಲ್ಲ. ಇದನ್ನು ನಿನಗೆ ಹೇಳುವುದೋ ಬೇಡವೋ ಎಂದು ಲೂರ್ಡ್ಸ್‌ನೊಡನೆ ಜಗಳವೇ ಆಯಿತು. ಅವಳೇ ಕೊನೆಗೆ “ಕಾನಾ ಊರಿನ ಮದುವೆಯಲ್ಲಿ ಜೆಜು ಕ್ರಿಸ್ತ ಮಾಡಿದ ಮೊದಲ ಪವಾಡ ಎಂತದ್ದು? ನೀರನ್ನು ದ್ರಾಕ್ಷಾರಸ ಮಾಡಿದ್ದಾ, ಶರಬತ್ತಾ?” ಎಂದು ಕೇಳಿದಳು. ನಿಜವಲ್ಲವೇ ಅಮ್ಮಾ? ಆ ಗಡ್ಡದ ಇಟಲಿಯ ಪಾದ್ರಿ ತನ್ನ ಊರು, ತನ್ನ ತಾಯಿ, ತನ್ನ ಭಾಷೆ ಎಲ್ಲ ಬಿಟ್ಟು ನಮ್ಮ ಕೆಸರಿಗೆ ಬಂದವರು. ನಿಮ್ಮಂಥ ಹದಿಮೂರು ವರ್ಷದ ಹುಡುಗಿಯರನ್ನು ಬಾದಾಮಿ ಮರದ ಕೆಳಗೆ ನಿಲ್ಲಿಸಿ ಹಾಡು ಕಲಿಸಲು ಕೂತಾಗ ಅವರಿಗೆ ನೆನಪಾದ ಅತ್ಯಂತ ಚೆಂದದ ರಾಗ ಅದಾಗಿದ್ದರೆ ಅದರಲ್ಲಿ ಪಾಪ ಎಲ್ಲಿಯದು? ತನ್ನಲ್ಲಿದ್ದ ಒಳ್ಳೆಯದನ್ನೇ ದೇವರಿಗೆ ಕೊಟ್ಟರು. ಸಾವಿನ ಬಾಯಿಂದ ಮನೆಗೆ ಬಂದವರನ್ನು ಕರೆದು ಬಡಿಸುವ ಹಾಡು, ಪರಮಪ್ರಸಾದದ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಹಾಡು ಯಾವುದಿದೆ? ಪುಸ್ತಕವನ್ನು ಅಚ್ಚು ಹಾಕಿದ್ದು ಪಾದ್ರಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಯಾರೋ ಹಾಡಿದ್ದನ್ನು ಯಾರೋ ಕೇಳಿ ಬರೆದದ್ದು. ಕಷ್ಟದ ತಿರುವು ಬಂದಲ್ಲಿ ನೆಟ್ಟಗೆ ಗೆರೆ ಎಳೆದು ಮುಂದೆ ಹೋಗಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಬಲ್ಲವಳನ್ನೇ ಡೊಂಕು ಎಂದರು.

ಆದರೆ ನನ್ನ ಕಿವಿಯೊಂದನ್ನೇ ನಂಬಿ ವಿಕ್ಟರ್ ಮಾಸ್ತರರ ಎದುರು ನಿಲ್ಲಲು ಆಗುತ್ತದೆಯೇ? ತಾಯಿಯ ಪರ ಮಗ ಸಾಕ್ಷಿ ಹೇಳಿದ ಹಾಗೆ ಆಗುತ್ತದೆ. ಮರುದಿನ ನಿನ್ನ ಈಸ್ಟರ್ ಕ್ಯಾಸೆಟ್ಟನ್ನು ಟಿಫಿನ್ ಡಬ್ಬಿಯೊಳಗೆ ಇಟ್ಟುಕೊಂಡು ಆಫೀಸಿಗೆ ಹೋದೆ. ಇಸ್ಮಾಯಿಲ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಮುಚ್ಚಿ, ಒಂದು ಕಡೆ ವೀಡಿಯೋ, ಇನ್ನೊಂದು ಕಡೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಒಂದು ಸಾಲು ಅವಳದು, ಒಂದು ಸಾಲು ನಿನ್ನದು ಎಂದು ಹಾಕಿದರು. ಎಷ್ಟು ಸಲ ಹಾಕಿದರೋ ಲೆಕ್ಕವಿಲ್ಲ. ಕೊನೆಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟು “ಯೆ ದೋನೋಂ ಏಕ್ ಉಸ್ತಾದ್ ಕಾ ಶಾಗಿರ್ದ್ ಹೈ” ಎಂದರು. ಇವರಿಬ್ಬರೂ ಒಬ್ಬನೇ ಗುರುವಿನ ಶಿಷ್ಯೆಯರು ಎಂದು! ಅವರದು ನಮ್ಮ ಧರ್ಮವಲ್ಲ, ನಮ್ಮ ಭಾಷೆ ಅವರಿಗೆ ಬಾರದು, ನಮ್ಮೂರಿನ ಜಗಳದ ಗಂಧಗಾಳಿ ಇಲ್ಲ. ಅವರಿಗೆ ಕೇಳಿಸಿದ್ದು ಹಾಡು ಮಾತ್ರ. ಅವರೇ ಇನ್ನೊಂದು ಉಪಾಯ ಹೇಳಿದರು. ಸಂಗೀತದ ಅಕ್ಷರ ಬರೆಯುವವರನ್ನು ಕರೆ, ಕಾಗದ ನಂಬುವವನಿಗೆ ಕಾಗದವನ್ನೇ ಕೊಡು ಎಂದರು.

ಇಲ್ಲೇ ಸೀಬ್‌ನಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುವ ಮಾರ್ಗರೆಟ್ ಮೇಡಂ ಇದ್ದಾರೆ. ಮಂಗಳೂರಿನವರೇ, ಲಂಡನ್ನಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವರು. ಮುಖದಲ್ಲಿ ನಗು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಮೊದಲಿಗೆ “ಹಳ್ಳಿಯ ಕ್ವಾಯರ್‌ನಲ್ಲಿ ಹೀಗೆಲ್ಲ ಎಳೆಯುವುದು ಸಾಮಾನ್ಯ ಆಂಡ್ರ್ಯೂ” ಎಂದು ನನ್ನ ಎದೆ ಒಡೆದರು. ಆಮೇಲೆ ನಾನು ಟೇಪಿಗೆ ಇಳಿಸಿಕೊಂಡು ಹೋಗಿದ್ದ ಪರದೆಯ ಹಾಡನ್ನೂ ನಿನ್ನದನ್ನೂ ಕೇಳಲು ಕೂತರು. ಐದು ಗೆರೆಯ ಹಾಳೆಯ ಮೇಲೆ ಮೊದಲು ಪರದೆಯ ಗಾಯಕಿ ಹಾಡಿದ್ದನ್ನು ಬರೆದುಕೊಂಡರು. ಅದರ ಕೆಳಗೆ ನಿನ್ನದನ್ನು ಬರೆಯತೊಡಗಿದರು. ನೀನು ಅವಳಿಗಿಂತ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಹಾಡುತ್ತೀಯಂತೆ, ಅದು ತಪ್ಪಲ್ಲವಂತೆ. ಬರೆಯುತ್ತ ಬರೆಯುತ್ತ ಅವರ ಕೈ ನಿಧಾನವಾಯಿತು. ಮುಗಿಸಿ ಕನ್ನಡಕ ತೆಗೆದು ಎರಡು ಸಾಲನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. “ಒಂದು ನೋಟೂ ಹೆಚ್ಚು ಕಮ್ಮಿ ಇಲ್ಲ. ನಿಮ್ಮ ಅಮ್ಮನಿಗೆ ಐವತ್ತು ವರ್ಷ ಇದು ನೆನಪಿನಲ್ಲಿ ಉಳಿಯಿತಾ, ಓದಲು ಬಾರದೆ?” ಎಂದು ಕೇಳಿದರು. ನಾನು ಹೌದು ಎಂದೆ. ಆ ಹಾಳೆಯನ್ನು, ಕೆಳಗೆ ಅವರ ಸಹಿ ಮತ್ತು ಡಿಗ್ರಿಗಳ ಸಮೇತ, ಈ ಪತ್ರದೊಳಗೆ ಮಡಚಿ ಇಟ್ಟಿದ್ದೇನೆ. ಐಡಾ, ಜೋಪಾನ.

ಇನ್ನು ನಿನ್ನೆಯ ವಿಷಯ. ಇದನ್ನು ಬರೆಯಲು ನನ್ನ ಕೈ ಮೂರು ಸಲ ಓಡಿ ಮೂರು ಸಲ ನಿಂತಿದೆ. ಕ್ಯಾಸೆಟ್‌ಗೆ ಅನುಮತಿ ಸಿಕ್ಕಿ ನಿನ್ನೆ ಗುರುವಾರ ಸಂಜೆ ಹೋಟೆಲಿನಲ್ಲಿ ಅದನ್ನೇ ತೋರಿಸಿದರು. ಮಾರ್ಗರೆಟ್ ಮೇಡಂ ಅಲ್ಲಿಯ ಮ್ಯಾನೇಜರನಿಗೆ ಏನು ಹೇಳಿದ್ದರೋ, ನಮಗೂ ಟಿಕೇಟು ಬಂತು. ನಾನು ಮದುವೆಯ ಸೂಟು ಹಾಕಿದೆ, ಈಗ ಹೊಟ್ಟೆಯ ಬಟನ್ ಹಾಕಲು ಆಗುವುದಿಲ್ಲ. ಲೂರ್ಡ್ಸ್ ಹಸಿರು ಸೀರೆ ಉಟ್ಟಳು. ಇಸ್ಮಾಯಿಲ್ ಸಾಹೇಬರು ಬಿಳಿ ನಿಲುವಂಗಿ ದಿಶ್‌ದಾಶಾ ತೊಟ್ಟು, ಹೆಂಡತಿ ಮೈಮುನಾ ಅವರನ್ನು ಕರೆದುಕೊಂಡು ಬಂದಿದ್ದರು. ಹಾಲ್‌ನಲ್ಲಿ ನೂರೈವತ್ತು ಜನ ಇರಬಹುದು, ಹೆಚ್ಚಿನವರು ಬಿಳಿಯರು. ಆ ದೃಶ್ಯ ಮುಗಿದಾಗ ಪರದೆಗೇ ಚಪ್ಪಾಳೆ ಹೊಡೆದರು. ಆಟ ಮುಗಿದು ದೀಪ ಹಾಕಿದ ಮೇಲೆ ಮಾರ್ಗರೆಟ್ ಮೇಡಂ ಎದ್ದು ಮೈಕಿನ ಎದುರು ನಿಂತರು. ಈಗ ಕೇಳಿದ ಹಾಡನ್ನು ಇನ್ನೊಮ್ಮೆ ಕೇಳಿಸುತ್ತೇನೆ, ಹಾಡಿದವರು ಇಂಡಿಯಾದ ಪಶ್ಚಿಮ ಕರಾವಳಿಯ ಒಂದು ಹಳ್ಳಿಯ ಇಗರ್ಜಿಯವರು, ಅರವತ್ತನಾಲ್ಕು ವರ್ಷ, ಹೆಸರು ಕ್ಲೆಮೆಂಟಿನಾ ಲೋಬೊ ಎಂದು ಇಂಗ್ಲಿಷಿನಲ್ಲಿ ಹೇಳಿ, ಟೇಪ್ ರೆಕಾರ್ಡರಿನ ಬಟನ್ ಒತ್ತಿದರು. ನನಗೆ ಹೇಳಿಯೇ ಇರಲಿಲ್ಲ! ಮೊದಲು ನಮ್ಮ ಹುಂಜ ಕೂಗಿತು. ಹಾಲೆಲ್ಲ ನಕ್ಕಿತು. ನೀನು ಗಂಟಲು ಸರಿಮಾಡಿಕೊಂಡೆ, ಅದಕ್ಕೂ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೀನು ಹಾಡತೊಡಗಿದೆ. ಮೊದಲ ಸಾಲಿಗೆ ನಗು ನಿಂತಿತು. ಎರಡನೇ ಸಾಲಿನ ಕೊನೆಗೆ ನೀನು ಮೇಲೇರಿದಾಗ ಮುಂದಿನ ಸಾಲಿನ ಒಬ್ಬ ಮುದುಕ, ಬಿಳಿಯ, ಕೈಯಲ್ಲಿದ್ದ ಕಾಗದವನ್ನು ಮಡಿಲಿಗೆ ಬಿಟ್ಟು ತಲೆಯೆತ್ತಿ ನೋಡಿದ, ನೀನು ಅಲ್ಲೇ ಮೇಲೆ ನಿಂತಿದ್ದೀಯೋ ಎಂಬಂತೆ. ಹಾಡು ಮುಗಿಯಿತು. ಆಮೇಲೆ ಎದ್ದು ನಿಂತರು ಅಮ್ಮಾ. ಎಲ್ಲರೂ. ನಿನ್ನ ಅಡುಗೆಮನೆಯ ಹಾಡಿಗೆ ಮಸ್ಕತ್ತಿನ ಹೋಟೆಲಿನಲ್ಲಿ ನೂರೈವತ್ತು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೈಮುನಾ ಅವರು ಲೂರ್ಡ್ಸ್‌ಳ ಕೈ ಹಿಡಿದು ಅಳುತ್ತಿದ್ದರು. ನಾನು ಅತ್ತೆನೋ ಎಂದು ಕೇಳಬೇಡ. ನಾನು ಗಂಡಸು, ಸೂಟು ಹಾಕಿದ್ದೆ, ಆದ್ದರಿಂದ ಜೋರಾಗಿ ಅತ್ತೆ.

ಈಗ ಕೆಲಸದ ಮಾತು. ಐಡಾ ನಾಳೆಯೇ ಈ ಪತ್ರವನ್ನೂ ಮಾರ್ಗರೆಟ್ ಮೇಡಂನ ಹಾಳೆಯನ್ನೂ ವಿಕ್ಟರ್ ಮಾಸ್ತರರಿಗೆ ಕೊಡಲಿ. ಮಾಸ್ತರರೇ, ನಮಸ್ಕಾರ. ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ರೆಕಾರ್ಡ್ ಆದದ್ದು ಶಾಶ್ವತ ಎಂದು ನೀವು ಹೇಳಿದ್ದು ಸತ್ಯವಾದ ಮಾತು. ನನ್ನ ಕೆಲಸವೇ ಅದನ್ನು ನೋಡುವುದು. ಅದಕ್ಕಾಗಿಯೇ ಹೇಳುತ್ತೇನೆ, ಡಿಸೆಂಬರ್ ಎಂಟರಂದು ಆ ಕ್ಯಾಮರಾದ ಎದುರು ನಮ್ಮ ಹಾಡು ನೆಟ್ಟಗೆ ಗೆರೆ ಎಳೆದಂತೆ ರೆಕಾರ್ಡ್ ಆದರೆ, ಮುಂದಿನ ನೂರು ವರ್ಷ ನಮ್ಮ ಮಕ್ಕಳು ಅದನ್ನೇ ಸರಿಯೆಂದು ಹಾಡುತ್ತಾರೆ. ಇಟಲಿಯಿಂದ ಹಡಗು ಹತ್ತಿ ಬಂದದ್ದು ನಿಮ್ಮ ಕಾಲದಲ್ಲಿ ಕಳೆದುಹೋಯಿತು ಎಂದಾಗುವುದು ಬೇಡ. ಹಾಳೆ ನಿಮ್ಮ ಕೈಯಲ್ಲಿದೆ, ನೀವೇ ಓದಿಕೊಳ್ಳಿ. ಓದಿದ ಮೇಲೆ ದಯವಿಟ್ಟು ನಮ್ಮ ಮನೆಯ ಮೆಟ್ಟಿಲು ಹತ್ತಿ ಅಮ್ಮನನ್ನು ನೀವೇ ಕರೆಯಿರಿ. ಅವಳು ಮೊದಲು ಬೈಯುತ್ತಾಳೆ, ಆಮೇಲೆ ಚಹಾ ಕೊಡುತ್ತಾಳೆ. ಚಹಾ ಕುಡಿದರೆ ರಾಜಿಯಾಯಿತು ಎಂದು ತಿಳಿಯಿರಿ.

ಅಮ್ಮಾ, ನೀನೂ ಹೆಚ್ಚು ಬಿಗುಮಾನ ಮಾಡಬೇಡ, ಎರಡು ಮಾತು ಬೈದು ಸಾಕು ಮಾಡು. ನನಗೆ ರಜೆ ಮಂಜೂರಾಗಿದೆ, ಡಿಸೆಂಬರ್ ಆರಕ್ಕೆ ನಾವಿಬ್ಬರೂ ಊರಿನಲ್ಲಿರುತ್ತೇವೆ. ಪಕ್ಕದ ಮನೆಯ ಉರ್ಸುಲಾಬಾಯಿಗೆ ನಮ್ಮ ನೆನಪು ಹೇಳು. ಲೂರ್ಡ್ಸ್ ನಿನ್ನ ಎರಡೂ ಕೈಗೆ ಮುತ್ತು ಕೊಟ್ಟಿದ್ದಾಳೆ. ದೇವಮಾತೆ ನಿನ್ನ ಗಂಟಲನ್ನೂ ಮೊಣಕಾಲನ್ನೂ ಕಾಯಲಿ.

ನಿನ್ನ ಬೆಸಾಂವ್ ಬೇಡುವ ಮಗ,
ಆಂಡ್ರ್ಯೂ

ತಾ.ಕ.: ಪತ್ರ ಒಯ್ಯುವವರು ಹೊರಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದಾರೆ, ಆದರೂ ಇದೊಂದನ್ನು ಬರೆಯಲೇಬೇಕು. ಮರೆತೆ ಎಂದರೆ ಸುಳ್ಳಾಗುತ್ತದೆ, ನಿನಗೆ ಜಂಬ ಬಂದೀತೆಂದು ಇಷ್ಟು ಹೊತ್ತು ತಡೆದಿದ್ದೆ. ಮಾರ್ಗರೆಟ್ ಮೇಡಂನ ಹಾಳೆಯಲ್ಲಿ ಸ್ವರಗಳೆಲ್ಲ ಒಂದೇ, ಆದರೆ ಮೇಲಿನ ಸಾಲಿನಲ್ಲಿ, ಕೊಕ್ಕೆಯ ತುದಿಯಲ್ಲಿ, ಒಂದು ಸಣ್ಣ ಅಲ್ಪವಿರಾಮ ಇದೆ. ಅದು ಉಸಿರಿನ ಗುರುತು. ಇಟಲಿಯ ಗಾಯಕಿ ಮೇಲೇರಿ ನಿಂತ ಮೇಲೆ, ಇಳಿಯುವ ಮೊದಲು, ಅಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ. ನಾನೂ ಇಸ್ಮಾಯಿಲ್ ಸಾಹೇಬರೂ ಚಿತ್ರವನ್ನು ನಿಧಾನ ಮಾಡಿ ಐದು ಸಲ ನೋಡಿದೆವು, ಭುಜ ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಕೆಳಗಿನ ಸಾಲು ನಿನ್ನದು. ಅಲ್ಲಿ ಅಲ್ಪವಿರಾಮ ಇಲ್ಲ. ಅರವತ್ತನಾಲ್ಕನೇ ವಯಸ್ಸಿನಲ್ಲಿ ನೀನು ಆ ಕೊಕ್ಕೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದ್ದೀ. ಅದು ಪುಸ್ತಕದಲ್ಲೂ ಇಲ್ಲ, ಇಟಲಿಯಲ್ಲೂ ಇಲ್ಲ ಅಮ್ಮಾ, ಅದು ನಿನ್ನದು. ಹಾಡು.